ಮುಕ್ಕಾಲು ಹಿಡಿದರೆ ಗೆದ್ದಂಗ!

ಬೈಲಹೊಂಗಲ ಸೀಮೆಯ ಕರಿ ಹೊಲದಲ್ಲಿ ಬದುವಿಗೆ ಕಾಲಿರುತ್ತವೆ. ಸುಳ್ಳೆನ್ನುವವರು ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಒಮ್ಮೆ ಹೋಗಿ ನೋಡಲಿ. ಎಡಕ್ಕಿದ್ದದ್ದು ಒಂದು ಗೇಣು ಬಲಕ್ಕೆ ಸರಿದು, ಏನೂ ಆಗಿಲ್ಲ ಎಂಬಂತೆ ಕೂತಿರುತ್ತದೆ. ಯಾರು ಸರಿಸಿದರು? ಯಾರೂ ಇಲ್ಲ. ರಂಟೆ ವಾಲಿತು, ಎತ್ತು ಬೆದರಿತು, ಟ್ರ್ಯಾಕ್ಟರ್ ಹೊಡೆಯುವ ಹುಡುಗ ಹೊಸಬ. ಪಾಪ!

ಇದೇ ಕಸುಬಿಗೆ ಅಮೆರಿಕದಲ್ಲಿ ಪೆಟ್ಟಿಗೆ ಮಾಡಿಟ್ಟು, ನಾಣ್ಯ ಹಾಕಿಸಿಕೊಂಡು ಆಡಿಸಿದರು. 1981ರಲ್ಲಿ ಟೈಟೊ ಕಂಪನಿ ತಂದ ಆ ವಿಡಿಯೋ ಆಟದ ಹೆಸರು ‘ಕಿಕ್ಸ್’. ರೂಪಿಸಿದವರು ರ‍್ಯಾಂಡಿ ಮತ್ತು ಸ್ಯಾಂಡಿ ಫೈಫರ್ ಎಂಬ ಗಂಡ-ಹೆಂಡತಿ. ಪರದೆಯ ಅಂಚಿನ ಮೇಲೆ ನಿಮ್ಮದೊಂದು ಚುಕ್ಕಿ. ಅಂಚು ಬಿಟ್ಟು ಖಾಲಿ ಜಾಗದೊಳಗೆ ಗೆರೆ ಎಳೆಯುತ್ತ ಹೋಗಿ ಮತ್ತೆ ಅಂಚಿಗೆ ಮುಟ್ಟಿಸಿದರೆ, ಒಳಗೆ ಸಿಕ್ಕ ಜಾಗ ಬಣ್ಣ ತುಂಬಿಕೊಂಡು ನಿಮ್ಮದಾಗುತ್ತದೆ. ನಡುವೆ ಕೋಲು ಕೋಲಾಗಿ ಮಿಂಚುತ್ತ ತಿರುಗುವ ಒಂದು ಪ್ರಾಣಿ, ಅದೇ ಕಿಕ್ಸ್. ಗೆರೆ ಮುಗಿಯುವ ಮೊದಲು ಅದು ತಾಗಿತೋ, ನಿಮ್ಮ ಕಥೆ ಮುಗಿಯಿತು. ಅಂಚಿನಲ್ಲೇ ಹಾಯಾಗಿ ಕೂರೋಣವೆಂದರೆ ಅಲ್ಲಿ ಕಿಡಿಗಳು ಗಸ್ತು ತಿರುಗುತ್ತವೆ. ಗೆರೆಯ ನಡುವೆ ನಿಂತು ಯೋಚಿಸೋಣವೆಂದರೆ ಬೆನ್ನ ಹಿಂದೆ ಬತ್ತಿ ಹೊತ್ತಿಕೊಂಡು ಬರುತ್ತದೆ. ನೂರಕ್ಕೆ 75 ಪಾಲು ಹಿಡಿದರೆ ಆ ಸುತ್ತು ಗೆದ್ದಂತೆ.

ಫೈಫರ್ ದಂಪತಿ ಬೈಲಹೊಂಗಲದ ಬಸ್ಸು ಇಳಿದದ್ದನ್ನು ಯಾರೂ ಕಂಡಿಲ್ಲ. ಆದರೂ ನನಗೆ ಗುಮಾನಿ. ಆ ಆಟದಲ್ಲಿ ಗೆರೆ ಎಳೆಯಲು ಎರಡು ಗುಂಡಿ, ಬೇಗದ್ದೊಂದು, ನಿಧಾನದ್ದೊಂದು. ನಿಧಾನಕ್ಕೆ ಎಳೆದವನಿಗೆ ಅಂಕ ದುಪ್ಪಟ್ಟು! ಬದು ಸರಿಸಿ ಅನುಭವವಿಲ್ಲದವರಿಗೆ ಇದು ಹೊಳೆಯುವ ಮಾತೇ? ಒಮ್ಮೆಲೇ ಮಾರುದ್ದ ನುಂಗಿದವನು ಊರಿಗೆಲ್ಲ ಕಳ್ಳ. ವರ್ಷಕ್ಕೊಂದು ಗೇಣು ತಿಂದವನು ನ್ಯಾಯ ಹೇಳುವ ಹಿರಿಯ. ಗುಂಟೆಗೆ 1,089 ಚದರಡಿ. 363 ಅಡಿ ಉದ್ದದ ಬದು ಮೂರಡಿ ಸರಿದರೆ ಸರಿಯಾಗಿ ಒಂದು ಗುಂಟೆ. ಗೇಣಿನ ಲೆಕ್ಕದಲ್ಲಿ ನಾಲ್ಕು ವರ್ಷದ ತಾಳ್ಮೆ. ಆಚೆಯವನು ಎಚ್ಚೆತ್ತು ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇದವರು ಬಂದು ಬಾಂದುಕಲ್ಲು ಹುಡುಕುವ ಹೊತ್ತಿಗೆ ಕಲ್ಲೂ ಬದುವಿನ ಸಂಗಡ ನಡೆದುಹೋಗಿರುತ್ತದೆ.

ಮುಂದಿನ ಸುತ್ತುಗಳಲ್ಲಿ ಎರಡು ಕಿಕ್ಸ್ ಬರುತ್ತವೆ. ಅವೆರಡರ ನಡುವೆ ಗೆರೆ ಹೊಡೆದು ಬೇರೆ ಮಾಡಿದರೆ ಸುತ್ತು ಅಲ್ಲಿಗೇ ಮುಗಿದು, ಮುಂದಿನ ಅಂಕಗಳೆಲ್ಲ ಗುಣಿಸಿ ಬರುತ್ತವೆ. ನಮ್ಮಲ್ಲೂ ಅಣ್ಣತಮ್ಮಂದಿರ ವಾಟ್ನಿ ಹೀಗೇ, ಅಂಕ ಮಾತ್ರ ವಕೀಲರ ಖಾತೆಗೆ.

ಆಟ ಬಲ್ಲವರ ಒಂದು ಬುದ್ಧಿಮಾತು: ಸ್ವಂತ ಜಾಗ ಬಿಟ್ಟು ಬಹಳ ದೂರ ಹೋಗಬೇಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬನಿಗೆ ಇದನ್ನು ಯಾರೂ ಹೇಳಲಿಲ್ಲವೋ, ಹೇಳಿದರೂ ಕೇಳಲಿಲ್ಲವೋ. ಕಿತ್ತೂರು ಸಂಸ್ಥಾನದ ದತ್ತು ಒಪ್ಪುವುದಿಲ್ಲ ಎಂದು ಅದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಬಣ್ಣ ತುಂಬಲು ಹೊರಟು, 1824ರ ಅಕ್ಟೋಬರ್ 23ರಂದು ಕೋಟೆಯ ಮುಚ್ಚಿದ ಬಾಗಿಲ ಮುಂದೆ ನಿಂತ. ಬಾಗಿಲು ತೆರೆಯಿತು, ಚೆನ್ನಮ್ಮನ ಪಡೆ ನುಗ್ಗಿತು, ಅಮಟೂರು ಬಾಳಪ್ಪನ ಗುಂಡಿಗೆ ಸಾಹೇಬನ ಗೆರೆ ಅಲ್ಲೇ ತುಂಡಾಯಿತು. ಕಂಪನಿಯ ಜೇಬಲ್ಲಿ ಇನ್ನೂ ನಾಣ್ಯ ಇದ್ದವು ನೋಡಿ; ಡಿಸೆಂಬರಿನಲ್ಲಿ ದೊಡ್ಡ ಫೌಜು ತಂದು ಮತ್ತೆ ಆಡಿದರು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, 1829ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಇದು ಚೇಷ್ಟೆಯ ಜಾಗವಲ್ಲ, ಮುಂದೆ ಹೋಗೋಣ.

1858ರಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬ ಇನ್ನೊಂದು ನಿಯಮ ಮುರಿದ. ರಾಮದುರ್ಗದಿಂದ ನರಗುಂದದ ಕಡೆ ಹೊರಟವನು, ಕೆಲವೇ ಸವಾರರನ್ನು ಕಟ್ಟಿಕೊಂಡು ಸುರೇಬಾನದಲ್ಲಿ ರಾತ್ರಿ ತಂಗಿದ. ಗೆರೆಯ ನಡುವೆ ನಿಲ್ಲಬಾರದೆಂದು ಆಗಲೇ ಹೇಳಿದೆನಲ್ಲ? ನರಗುಂದದ ಬಾಬಾಸಾಹೇಬನ ಕಡೆಯವರು ಬಂದು ಆಟ ಮುಗಿಸಿದರು.

ಸವದತ್ತಿಯವರು ಮಾತ್ರ ಈ ಆಟವನ್ನು ರಕ್ತವಿಲ್ಲದೆ ಆಡುತ್ತಾರೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ನೋಡಬೇಕು. ಮೂರು ಕಲ್ಲಿಟ್ಟು ಒಲೆ ಹೂಡಿದಿರೋ, ಸುತ್ತಲ ಜಾಗ ನಿಮ್ಮದು. ಚಕ್ಕಡಿ ಅಡ್ಡ ನಿಲ್ಲಿಸಿ ಜಮಖಾನೆ ಹಾಸಿದರೆ ಮೂರು ಕಡೆ ಗಡಿ ಮುಗಿಯಿತು. ನಾಲ್ಕನೆಯದು ತೆರೆದಿದ್ದರೆ ಪಕ್ಕದೂರಿನ ಯಮುನವ್ವ ಎಂಬಂಥ ಒಬ್ಬ ಅಜ್ಜಿ ಬುಟ್ಟಿ ಸಮೇತ ಒಳಗೆ ಬಂದು ಕೂರುತ್ತಾಳೆ, ಮತ್ತೆ ಏಳುವುದು ಜಾತ್ರೆ ಮುಗಿದ ಮೇಲೆ. ಗುಡ್ಡ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವುದಂತೂ ಬೇಗದ ಗುಂಡಿ. ಅದಕ್ಕೆ ಅಂಕ ಕಡಿಮೆ, ಜಗಳ ಜಾಸ್ತಿ.

ಈಗ ಇದೆಲ್ಲ ಮೊಬೈಲಿಗೆ ಬಂದಿದೆ. ‘ಪೇಪರ್ ಡಾಟ್ ಐಒ’ ಎಂಬ ಆಟದಲ್ಲಿ ಬಣ್ಣದ ಚೌಕ ಓಡಿಸಿ ಜಾಗ ಸುತ್ತುವುದು, ಎದುರಾಳಿಯ ಬಾಲ ತುಳಿದು ಅವನನ್ನು ಅಳಿಸುವುದು. ಮೊನ್ನೆ ನಮ್ಮ ಓಣಿಯ ಕಟ್ಟೆಯ ಮೇಲೆ ಒಬ್ಬ ಹುಡುಗ ಅದರಲ್ಲಿ ಮುಳುಗಿದ್ದ. ಹೊಲದ ಖಟ್ಲೆಯಲ್ಲೇ ಕೂದಲು ಬೆಳ್ಳಗಾದ ಕಾಕಾ ಕನ್ನಡಕ ಏರಿಸಿ ಬಗ್ಗಿದರು.

“ಎಷ್ಟ ಹಿಡದ್ಯೋ ತಮ್ಮಾ?”

“ನೂರಕ್ಕ ಎಪ್ಪತ್ತೈದ ಆತ್ರಿ ಕಾಕಾ!”

“ಭಾಳ ಚಲೋ. ಉಳದ ಇಪ್ಪತ್ತೈದರ ಉತಾರ ಯಾರ ಹೆಸರಿಲೆ ಐತಿ?”