ಹರಕೆಯ ಬಾಕಿ

ದೇವರ ಮುಂದೆ ನಿಂತು "ಎಲ್ಲ ಒಳ್ಳೇದು ಮಾಡಪ್ಪಾ" ಎಂದು ಕೈಮುಗಿದು ಬರುವವರೇ ನಮ್ಮಲ್ಲಿ ಜಾಸ್ತಿ. ಯಾರಿಗೆ ಒಳ್ಳೇದು, ಏನು ಒಳ್ಳೇದು, ಎಷ್ಟರೊಳಗೆ? ವಿವರವೇ ಇಲ್ಲದ ಈ ಅರ್ಜಿಯನ್ನು ದೇವರಾದರೂ ಯಾವ ಕಡತಕ್ಕೆ ಸೇರಿಸಬೇಕು?

ಉಜಿರೆ ಹತ್ತಿರದ ಸುರ್ಯದ ಸದಾಶಿವ ರುದ್ರನಲ್ಲಿ ಇಂಥ ಮೊಗಮ್ಮು ಮಾತು ನಡೆಯುವುದಿಲ್ಲ. ಅಲ್ಲಿ ಹರಕೆಯೆಂದರೆ ಮಣ್ಣಿನ ಬೊಂಬೆ. ಮನೆಯಾದರೆ ಮಣ್ಣಿನ ಮನೆ, ಮಗುವಾದರೆ ತೊಟ್ಟಿಲು, ಕಾಲುನೋವು ಹೋದರೆ ಕಾಲು. ಹರಕೆ ಬನದಲ್ಲಿ ಪಾಚಿ ಹಿಡಿದ ದನಕರುಗಳ ಪಕ್ಕ ಕಾರು, ಕಾರಿನ ಪಕ್ಕ ಕಂಪ್ಯೂಟರ್. ಮಹಡಿ ಮನೆಯೊಂದಕ್ಕೆ ಮೆಟ್ಟಿಲನ್ನೂ ಬಿಡದೆ ಮಾಡಿಸಿದ್ದರು. ಕೇಳುವಾಗ ಅಂದಾಜು ಪಟ್ಟಿಯನ್ನೇ ಓದಿ ಹೇಳಿರಬೇಕು!

ನಮ್ಮ ಅತ್ತೆಯದು ಬೇರೆ ಪದ್ಧತಿ. ಮಗನ ನೌಕರಿಗೆಂದು ಧರ್ಮಸ್ಥಳ, ಕುಕ್ಕೆ, ಹೊರನಾಡು ಮೂರೂ ಕಡೆಗೆ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಮೂರು ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದರು. ಪ್ರತಿ ಸಲ ಸಂದರ್ಶನದಿಂದ ಅವನು ಬರಿಗೈಲಿ ಬಂದಾಗಲೂ ಗಂಟು ಬಿಚ್ಚಿ, ಇನ್ನೊಂದು ನಾಣ್ಯ ಸೇರಿಸಿ, ಮತ್ತೆ ಕಟ್ಟುವರು. ಬಡ್ಡಿ ಇರಬೇಕು. ಕೊನೆಗೊಮ್ಮೆ ಕೆಲಸ ಸಿಕ್ಕಿತು. ಕೊಡಿಸಿದ್ದು ಯಾರೆಂದು ತಿಳಿಯಲಿಲ್ಲ. ವಿಚಾರಿಸುತ್ತ ಕೂರುವುದು ಮರ್ಯಾದೆಯಲ್ಲವೆಂದು ಮೂರೂ ಕಡೆ ಹೋಗಿ ತೀರಿಸಿ ಬಂದರು. ಸೊಸೆಗೆ ಪುಕ್ಕಟೆ ಪ್ರವಾಸ.

ಕೇಳಿ ಕಾಯುವುದು ದೊಡ್ಡದೆನ್ನುತ್ತೇವೆ. ನನ್ನನ್ನು ಕೇಳಿದರೆ, ಸಿಕ್ಕಿದ ಮೇಲೂ ಕಾಯುವವರದೇ ಗಟ್ಟಿ ನಂಬಿಕೆ. ಕಟೀಲಿನ ದುರ್ಗಾಪರಮೇಶ್ವರಿಗೆ ಯಕ್ಷಗಾನ ಆಡಿಸುತ್ತೇವೆಂದು ಹೇಳಿಕೊಂಡವರನ್ನು ನೋಡಬೇಕು. ದೇವಸ್ಥಾನದ ಹಲವು ಮೇಳಗಳು ದೀಪಾವಳಿ ಕಳೆದು ಹೊರಟು, ಮೇ ತಿಂಗಳ ಪತ್ತನಾಜೆಯವರೆಗೆ ಊರೂರು ತಿರುಗಿ ಆಡಿದರೂ ಹರಕೆ ಆಟದ ಪಟ್ಟಿ ಕರಗುವುದಿಲ್ಲ. ಸರದಿ ಬರಲು ವರ್ಷಗಟ್ಟಲೆ ಬೇಕು. ವರ ಕೊಡುವಲ್ಲಿ ತಾಯಿ ಚುರುಕು. ಸಾಲ ವಸೂಲಿಗೆ ಅವಸರವಿಲ್ಲ. ಅಷ್ಟರಲ್ಲಿ ಮರೆತುಬಿಡಬಹುದಲ್ಲ? ಯಾರೂ ಮರೆಯುವುದಿಲ್ಲ. ಅಜ್ಜ ಹೇಳಿಕೊಂಡದ್ದನ್ನು ಮೊಮ್ಮಗ ಆಡಿಸುತ್ತಾನೆ.

ಹಾಗೊಂದು ಆಟ ನೋಡಿದ್ದೇನೆ, 'ದೇವಿ ಮಹಾತ್ಮೆ'. ದೊಂದಿ ಹಿಡಿದ ಮಹಿಷಾಸುರ ಸಭೆಯ ಹಿಂದಿನಿಂದ ಕೂಗುತ್ತ ಬಂದಾಗ ನನ್ನ ಮುಂದಿನ ಸಾಲಿನ ಮೀಸೆ ಹುಡುಗನೊಬ್ಬ ಮೊಬೈಲ್ ಹಿಡಿದು ಕುರ್ಚಿ ಹತ್ತಿದ. ಪಕ್ಕದಲ್ಲಿದ್ದ ತಾಯಿ ಅಂಗಿ ಜಗ್ಗಿ ಕೂರಿಸಿದರು.

"ಸುಮ್ಮನೆ ಕೂತ್ಕೊ ಮಾರಾಯ, ನೀನು ಹುಟ್ಟಿದ ಲೆಕ್ಕದ ಆಟ ಇದು."