ಧೂಮಪತ್ರಭಾಂಡಮೀಮಾಂಸೆ

ಹುಣಿಸೆಹಣ್ಣು, ಅಕ್ಕಿ, ಮಿಡಿ ಉಪ್ಪಿನಕಾಯಿ ಮುಂತಾದವು ಹಳತಾದಷ್ಟೂ ಗುಣವೇರುವ ದ್ರವ್ಯಗಳೆಂಬುದನ್ನು ಕನ್ನಡನಾಡಿನ ಅಡುಗೆಮನೆಗಳು ನಿರ್ವಿವಾದವಾಗಿ ಅಂಗೀಕರಿಸಿದ್ದರೂ, ಅದೇ ಪಂಕ್ತಿಯಲ್ಲಿ ಪೈಪಿನ ಹೊಗೆಸೊಪ್ಪಿಗೂ ಒಂದು ಮಣೆ ಹಾಕಬೇಕೆಂದು ಶಾಸ್ತ್ರೋಕ್ತವಾಗಿ ವಾದಿಸುವ ಭಾರವು, ಕತ್ರಿಗುಪ್ಪೆಯ ನೀರಿನ ಟ್ಯಾಂಕಿಗೆ ಅನತಿದೂರದಲ್ಲಿ ವಾಸಿಸುವ ಈ ಲೇಖಕನ ಹೆಗಲಿಗೆ ಬಿದ್ದಿದೆ.

ಮೊದಲು ಆಪ್ತವಾಕ್ಯ. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು ಔಷಧಿಗಳನ್ನರೆದು ಜೊಂಡಿಗೆ ಲೇಪಿಸಿ, ಹೆಬ್ಬೆರಳ ಗಾತ್ರದ, 8 ಅಂಗುಲ ಉದ್ದದ ಧೂಮವರ್ತಿಯನ್ನು ಮಾಡುವ ಬಗೆಯನ್ನೂ, ಹಲ್ಲುಜ್ಜಿದ ಮೇಲೆ, ಸೀನಿದ ಮೇಲೆ ಎಂದು ಮೊದಲಾಗಿ ಅದನ್ನು ಸೇದಲು ತಕ್ಕ 8 ಕಾಲಗಳನ್ನೂ ವಿಧಿಸಿರುವುದು ನಮಗೆ ಪರಮಾನುಕೂಲ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಚರಕನು ಅದನ್ನು ಕಂಡವನೇ ಅಲ್ಲವೆಂಬ ಆಕ್ಷೇಪವು ಕ್ಷುದ್ರವಾದುದರಿಂದ ಅದಕ್ಕೆ ಉತ್ತರ ಕೊಡುವುದಿಲ್ಲ. ಅಕ್ಬರನ ಆಸ್ಥಾನಕ್ಕೆ 1604ರ ಸುಮಾರಿನಲ್ಲಿ ಅವನ ದೂತ ಅಸದ್ ಬೇಗನು ಹೊಗೆಸೊಪ್ಪನ್ನು ಒಯ್ದದ್ದು ನಮ್ಮ ಬಿಜಾಪುರದಿಂದ. ವೈದ್ಯರು ಅಂದೇ ತಕರಾರೆತ್ತಿದರು. ಆ ತಕರಾರು ನಮ್ಮ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದೆ.

ಇನ್ನು ಭಾಂಡವಿಚಾರ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆದು, ಬ್ಯಾರನ್ನೆಂಬ ಒಣಗಿಸುವ ಕೊಠಡಿಯ ಬಿಸಿಗಾಳಿಯಲ್ಲಿ ಹದಗೊಂಡು ಹಳದಿಯಾದ ವರ್ಜೀನಿಯಾ ಎಲೆಯು ತನ್ನ ಸಕ್ಕರೆಯ ಅಂಶವನ್ನು ಉಳಿಸಿಕೊಂಡಿರುವುದರಿಂದ, ಅದನ್ನು ತುಸು ತೇವದೊಡನೆ ಗಾಜಿನಲ್ಲಿ ಭದ್ರವಾಗಿ ಮುಚ್ಚಿ ಬೆಳಕು ಸೋಕದಂತೆ ಇಟ್ಟಲ್ಲಿ, ವರ್ಷಗಳುರುಳಿದಂತೆ ಬಣ್ಣ ಕಪ್ಪಾಗಿ ಘಾಟು ಸೌಮ್ಯವಾಗುವುದು. ಉಪ್ಪಿನಕಾಯಿಯ ಜಾಡಿ ಸರ್ವಥಾ ವರ್ಜ್ಯ. ಎಷ್ಟು ತೊಳೆದರೂ ಇಂಗು ಹೋಗದು, ಇಂಗಿನ ಹೊಗೆಯನ್ನು ಒಮ್ಮೆ ಸೇದಿದವನು ಎರಡನೆಯ ಸಲ ವಾದಕ್ಕೆ ಬರಲಾರನು. ಹಾರ್ಲಿಕ್ಸಿನ ಹಳೆಯ ಗಾಜಿನ ಸೀಸೆ ಉತ್ತಮ. 2016ರಿಂದ ಪೊಟ್ಟಣದ ನೂರಕ್ಕೆ 85 ಪಾಲನ್ನು ಆಕ್ರಮಿಸಿರುವ ಎಚ್ಚರಿಕೆಯ ಚಿತ್ರವು ಸೀಸೆಗೆ ವರ್ಗವಾಗದಿರುವುದು ಅದರ ಹೆಚ್ಚುವರಿ ಗುಣ.

ತೇವದ ಪ್ರಮಾಣವೇ ಈ ಶಾಸ್ತ್ರದ ಹೃದಯ. ಒಂದು ಚಿಟಿಕೆಯನ್ನು ಬೆರಳುಗಳ ನಡುವೆ ಒತ್ತಿ ಬಿಟ್ಟಾಗ ಅದು ಉಂಡೆಯಾಗಿಯೇ ಕುಳಿತರೆ ಅತಿತೇವ, ಬೂಷ್ಟು ನಿಶ್ಚಿತ. ಕರಕರನೆ ಮುರಿದು ಉದುರಿದರೆ ಶುಷ್ಕ, ಅದು ನಶ್ಯಕ್ಕೆ ಮಾತ್ರ ಯೋಗ್ಯ. ಮಲಗಿದ್ದವನು ಮೈಮುರಿದೇಳುವಂತೆ ಮೆಲ್ಲಮೆಲ್ಲನೆ ಬಿಚ್ಚಿಕೊಂಡರೆ ಅದೇ ಹದ. ಮಾರ್ಚಿನ ಒಣಗಾಳಿಯಲ್ಲೂ ಜುಲೈನ ಜಡಿಮಳೆಯಲ್ಲೂ ಈ ಲೇಖಕನು ಬೆಂಗಳೂರಿನ ಹವೆಯನ್ನು ನಂಬಿ ಮುಚ್ಚಳ ತೆರೆದು ಕೆಟ್ಟಿದ್ದಾನೆ.

ಹೀಗೆ ಏಳು ವರ್ಷ ಅಟ್ಟದಲ್ಲಿ ತಪಸ್ಸು ಮಾಡಿದ ಸೀಸೆಯೊಂದನ್ನು, ಈ ಪ್ರಬಂಧದ ಸಿದ್ಧಾಂತಭಾಗಕ್ಕೆ ಪ್ರತ್ಯಕ್ಷಪ್ರಮಾಣವಾಗಿ ಬಳಸುವ ಸಂಕಲ್ಪದಿಂದ ಕಳೆದ ಶ್ರಾವಣದ ಒಂದು ಬೆಳಿಗ್ಗೆ ಇಳಿಸಹೋದಾಗ, ಅದು ಅಲ್ಲಿರಲಿಲ್ಲ. ಹಿತ್ತಲಿನ ನುಗ್ಗೆಮರದ ಕಾಂಡಕ್ಕೆ ಗೋಣಿಚೀಲ ಹೊದಿಸಿದಂತೆ ಕಂಬಳಿಹುಳುಗಳು ಮುತ್ತಿದ್ದವು. ಹುಣಸೂರಿನ ಸೀಮೆಯಿಂದ ಬಂದ ಮನೆಯಾಕೆಯು, ತನ್ನ ತವರಿನ ಹೊಲದ ಕ್ರಮದಂತೆ, ಆ ಸೀಸೆಯ ಸೊಪ್ಪನ್ನು ಕುದಿಸಿ, ಸೋಸಿ, ಒಂದು ಚೂರು ಬಟ್ಟೆಸೋಪನ್ನು ಕದಡಿ, ಬಕೆಟ್ಟಿನ ತುಂಬ ಕಷಾಯ ಮಾಡಿಕೊಂಡು ಎರಚುತ್ತಿದ್ದಳು. ಖಾಲಿ ಸೀಸೆಯು ತುಳಸಿಕಟ್ಟೆಯ ಮೇಲೆ ಬೋರಲಾಗಿ ಒಣಗುತ್ತಿತ್ತು. ಮಾತು ಹೊರಡದೆ ನಿಂತ ಲೇಖಕನನ್ನು ಕಂಡು ಆಕೆ, ಇನ್ನೂ ಮಿಸುಕಾಡುತ್ತಿದ್ದ ನಾಲ್ಕಾರು ಹುಳುಗಳ ಕಡೆ ಪೊರಕೆ ತೋರಿಸಿ ಗೊಣಗಿದಳು:

“ನಿಮ್ಮ ಸೊಪ್ಪು ಹಳೇದಾಗಿ ಖಾರವೇ ಹೋಗ್ಬಿಟ್ಟಿದೆ ಕಣ್ರೀ. ಹೊಸದಾಗಿದ್ರೆ ಒಂದೇ ಸಲಕ್ಕೆ ಎಲ್ಲಾ ಉದುರ್ತಿದ್ವು.”