ಒರಿಜಿನಲ್ ಮಾಷ್ಟ್ರು

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ‘ಇಂದಿರಾಬಾಯಿ’ 1899ರಲ್ಲಿ ಬಂತು. ಬರೆದವರು ಗುಲ್ವಾಡಿ ವೆಂಕಟರಾಯರು. ಹಾಗಾಗಿ ಮೊದಲಿನದ್ದೆಂದರೆ ಗುಲ್ವಾಡಿ ಊರಿನವರಿಗೆ ತುಸು ಅಭಿಮಾನ ಹೆಚ್ಚು. ನಮ್ಮ ನಿವೃತ್ತ ಗಣಿತದ ಮಾಷ್ಟ್ರು ಆ ಅಭಿಮಾನವನ್ನು ತಮ್ಮ ಫಿಯೆಟ್ ಕಾರಿನ ಬ್ರೇಕ್ ಡ್ರಮ್ಮಿನ ತನಕ ಕೊಂಡುಹೋಗಿದ್ದಾರೆ.

ಕಾರು ಪ್ರೀಮಿಯರ್ ಪದ್ಮಿನಿ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಹೋಟೆಲ್ ಇಟ್ಟಿದ್ದ ಅಣ್ಣನ ಕೈಯಲ್ಲಿ ಪಳಗಿ, ಅಣ್ಣ ಹೋಟೆಲ್ ಮಾರಿ ಬಂದಾಗ ಮಾಷ್ಟ್ರ ಅಂಗಳ ಸೇರಿತು. ಕುರ್ಲಾದ್ದು ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಬಾರದು. ಎಡಬಾಗಿಲು ಗುಜರಿಯದ್ದು, ಹಾರ್ನ್ ಮೀನು ಲಾರಿಯದ್ದು, ಬಣ್ಣ ಮನೆಯ ಗೇಟಿಗೆ ಹೊಡೆದು ಮಿಕ್ಕಿದ್ದು. ಆದರೂ ಬಾನೆಟ್ ತಟ್ಟಿ “ಎಲ್ಲ ಒರಿಜಿನಲ್” ಎನ್ನುತ್ತಾರೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತೆಂದು ಪೇಪರಿನಲ್ಲಿ ಓದಿದ ಮೇಲಂತೂ ಅವರ ಗತ್ತೇ ಬೇರೆ.

ಇಂಥವರು ಎಲ್ಲ ಊರಲ್ಲೂ ಸಿಗುತ್ತಾರೆ. ಸೀಟಿಗೆ ಹೊಸ ಕವರು, ಕನ್ನಡಿಗೆ ಮಲ್ಲಿಗೆ, ಹಿಂದಿನ ಗಾಜಿಗೆ ದೇವರ ಸ್ಟಿಕ್ಕರು. ನಾಲ್ಕು ಜನರ ಕಣ್ಣಿಗೆ ಬೀಳದ ಜಾಗಕ್ಕೆ ಮಾತ್ರ ದುಡ್ಡು ಬಿಚ್ಚಲು ಕೈ ಬಾರದು. ಪದ್ಮಿನಿಗೋ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕಾಣುವ ಪ್ರಶ್ನೆಯೇ ಇಲ್ಲ.

ಬ್ರೇಕ್ ಒತ್ತಿದರೆ ಕರಕರ ಸದ್ದು, ಪೆಡಲು ಅಂಗಾಲಿನಡಿ ನಡುಗುವುದು ಎರಡೂ ಶುರುವಾದ ಮೇಲೆ ಮಾಷ್ಟ್ರು ಗ್ಯಾರೇಜಿಗೆ ಬಂದರು. ಗ್ಯಾರೇಜಿನವ ಅವರ ಹಳೆಯ ಶಿಷ್ಯ. ಚಕ್ರ ಬಿಚ್ಚಿದರೆ ಡ್ರಮ್ಮು ಹೊರಗೆ ಬರಲೊಲ್ಲದು. ಶೂ ಉಜ್ಜಿ ಉಜ್ಜಿ ಒಳಮೈ ತಗ್ಗಾಗಿ, ಅಂಚಿನಲ್ಲಿ ಏಣು ನಿಂತು, ಶೂ ಅದಕ್ಕೇ ಸಿಕ್ಕಿಕೊಂಡಿತ್ತು. ಅಡ್ಜಸ್ಟರ್ ಸಡಿಲಿಸಿ ಸುತ್ತಲೂ ಬಡಿದ ಮೇಲೆ ಬಂತು. ಲೈನರ್ ಪೂರ್ತಿ ಸವೆದು ರಿವೆಟ್ಟಿನ ತಲೆಗಳು ಕಬ್ಬಿಣವನ್ನೇ ಗೀರಿದ್ದವು. ಉಗುರು ಓಡಿಸಿದರೆ ಗೀರಿನಿಂದ ಗೀರಿಗೆ ಎಡವುತ್ತಿತ್ತು. ಹಳೇ ಲೈನರಿನಲ್ಲಿ ಕಲ್ನಾರು ಇರಬಹುದೆಂದು ಶಿಷ್ಯ ಒದ್ದೆ ಬಟ್ಟೆ ತರುವಷ್ಟರಲ್ಲಿ ಮಾಷ್ಟ್ರು ಬಗ್ಗಿ ಉಫ್ ಎಂದು ಊದಿ, ಧೂಳನ್ನು ಎಲ್ಲರಿಗೂ ಹಂಚಿದರು.

“ಮಾಷ್ಟ್ರೇ, ಡ್ರಮ್ ಹೊಸ್ತೇ ಹಾಕ್ಕ್.”

“ಹೊಸ್ತ್ ಎಂತಕೆ ಮಾರಾಯ? ಲೇಥಿಗೆ ಹಿಡ್ಸ್. ಹೋದ್ ಸಲ ಹಾಂಗೇ ಮಾಡದ್ದಲ್ದಾ?”

“ಅದ್ರ ಹಿಂದಿನ್ ಸಲವೂ ಹಾಂಗೇ ಮಾಡದ್ದ್. ಅದ್ಕೇ ಇನ್ನ್ ಆತಿಲ್ಲೆ ಅಂಬುದ್.”

ಮಾಷ್ಟ್ರು ಡ್ರಮ್ಮನ್ನು ದಾರದಲ್ಲಿ ತೂಗಿಸಿ, ಬೆರಳ ಗೆಣ್ಣಿನಿಂದ ಕುಟ್ಟಿದರು. ಟಣ್ ಎಂದಿತು. “ಕೇಂಡ್ಯಾ? ಸೌಕೂರ್ ಮೇಳದ ಚಂಡೆ ಹಾಂಗಿತ್ತ್!”

ಎರಕದ ಕಬ್ಬಿಣ ಬಿರುಕು ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ, ನಿಜ. ತೆಳುವಾಗಿದ್ದರೆ ಅದು ಸದ್ದಿನಿಂದ ಗೊತ್ತಾಗದು, ಕ್ಯಾಲಿಪರ್ ಹಿಡಿದೇ ನೋಡಬೇಕು. ಶಿಷ್ಯ ಹಿಡಿದ, ಅಳತೆ ನೋಡಿ ತಲೆಯಾಡಿಸಿದ. ಆಮೇಲೆ ಉಪಾಯವಾಗಿ ಕೇಳಿದ: “ಲೇಥಲ್ಲಿ ಸುತ್ತ ಅರ್ಧ ಮಿಲಿಮೀಟರ್ ತೆಗ್ದ್ರೆ ವ್ಯಾಸ ಎಷ್ಟ್ ಹೆಚ್ಚಾತ್ತ್ ಮಾಷ್ಟ್ರೇ?”

“ಒಂದ್! ತ್ರಿಜ್ಯದ ಎರಡರಷ್ಟಲ್ದಾ ವ್ಯಾಸ?” ಮಾಷ್ಟ್ರ ಮುಖ ಅರಳಿತು.

“ವ್ಯಾಸ ಹೆಚ್ಚಾದಾಂಗೆ ಗೋಡೆ ತೆಳು. ತೆಳು ಆದ್ರೆ ಬೇಗ ಬಿಸಿಯಾತ್ತ್, ಬಿಸಿಯಾದ್ರೆ ಹಿಗ್ಗತ್ತ್. ಘಾಟಿ ಇಳುವತಿಗೆ ಶೂ ಡ್ರಮ್ಮನ್ನ ಹುಡ್ಕಂಡ್ ಹೋಯ್ಕ್.”

“ಲೆಕ್ಕ ಸಮ. ನೂರಕ್ಕೆ ನೂರ್. ಆರೆ ನಾನ್ ಘಾಟಿಗೆ ಹೋತಿಲ್ಲೆ.” ಹೋದ ತಿಂಗಳು ಬಾಳೆಬರೆ ಘಾಟಿಯ ಅರ್ಧದಲ್ಲಿ ಮಾಷ್ಟ್ರ ಹೆಂಡತಿ ಅಮ್ಮೋರು ಕಾರಿಳಿದು ಬಸ್ಸು ಹತ್ತಿದ್ದನ್ನು ಅವರು ಹೇಳಲಿಲ್ಲ. ಶಿಷ್ಯನಿಗೆ ಅಮ್ಮೋರೇ ಹೇಳಿಯಾಗಿತ್ತು.

ಇನ್ನು ಚೌಕಾಸಿ. ಬಲಗಡೆಗೆ ಮಾತ್ರ ಹೊಸದು ಸಾಕು, ಎಡದ್ದು ಇನ್ನೂ ಎರಡು ಮಳೆಗಾಲ ಬರುತ್ತದೆ ಎಂದರು ಮಾಷ್ಟ್ರು. ಎಡಬಲ ಒಂದೇ ಅಳತೆ ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ, ಚರಂಡಿಯೋ ಎದುರಿನ ಬಸ್ಸೋ ನೀವೇ ಹೇಳಿ ಎಂದ ಶಿಷ್ಯ. ಕಡೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮುಂದಿನ ಒಂದು ಜೊತೆ ಡ್ರಮ್ಮು, ಹೊಸ ಶೂ ಬಂದವು. ಪೆಟ್ಟಿಗೆಯ ಮೇಲೆ ಕಂಪೆನಿ ಹೆಸರು ಓದಿ ಮಾಷ್ಟ್ರು ಮೂಗು ಮುರಿದರು. ಹಳೆಯ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿಸಿ, ಡಿಕ್ಕಿಯಲ್ಲಿ ಇಡಿಸಿಕೊಂಡರು. ಒರಿಜಿನಲ್ ಅಲ್ಲವೇ, ಬಿಡಲಿಕ್ಕಾಗುತ್ತದೆಯೇ?

ಈಗ ಬ್ರೇಕು ಹಿಡಿದಲ್ಲಿ ನಿಲ್ಲುತ್ತದೆ. ಅಮ್ಮೋರೂ ಕಾರಲ್ಲೇ ಕೂರುತ್ತಾರೆ. ಮೊನ್ನೆ ಸೌಕೂರು ದೇವಸ್ಥಾನದೆದುರು ಕಾರಿಗೆ ಪೂಜೆ ಮಾಡಿಸಿ, ಲಿಂಬೆಹಣ್ಣಿನ ಮೇಲೆ ಹತ್ತಿಸಿ, ಸುತ್ತ ಸೇರಿದವರಿಗೆ ಮಾಷ್ಟ್ರು ಪ್ರಸಾದ ಹಂಚುತ್ತ ಹೇಳುತ್ತಿದ್ದರು: “ಎಂತ ಮಾಡುದ್ ಮಾರಾಯ್ರೆ, ಈ ಹೊಸ ಡ್ರಮ್ ಹಾಕದ್ ಮೇಲೆ ಗಾಡಿ ಭಾರ ಆಯ್ತ್. ಮೈಲೇಜೇ ಬತ್ತಿಲ್ಲೆ!”